200 ನಿಮಿಷದ ಲೆಕ್ಕ: ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಆಟಗಾರರು ಹೊಸ ಕಾಲೇಜು ಆರಿಸಿಕೊಳ್ಳುವುದು ಹೇಗೆ?

2025ರ ಮಾರ್ಚ್ ಕೊನೆಯ ವಾರ. ಅಕ್ಕನ ಮಗನ ಹೆಸರು ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಆನ್‌ಲೈನ್ ಪಟ್ಟಿಯಲ್ಲಿ, ಬಿದ್ದು ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಊಟದ ಟೇಬಲ್ ಮೇಲಿಟ್ಟಿದ್ದ ಫೋನ್ ಗುಂಯ್‌ಗುಟ್ಟಲು ಶುರುವಾಯಿತು. ಒಂದು ಕರೆ ಮುಗಿಯುವಷ್ಟರಲ್ಲಿ ಇನ್ನೆರಡು. ಅಕ್ಕ ಬಡಿಸಿದ್ದ ಚಿತ್ರಾನ್ನ ತಟ್ಟೆಯಲ್ಲೇ ತಣ್ಣಗಾಯಿತು. ಎಲ್ಲ ಕೋಚ್‌ಗಳದ್ದೂ ಒಂದೇ ಮಾತು: ನೀನು ಬಾ, ನಮ್ಮ ತಂಡಕ್ಕೆ ನೀನೇ ಬೇಕು. ರಾತ್ರಿ ಹನ್ನೊಂದಕ್ಕೆ ಹುಡುಗ ಫೋನನ್ನು ಮಗುಚಿಟ್ಟು, "ಮಾವ, ಎಲ್ಲರೂ ನಾನೇ ಬೇಕು ಅಂತಾರೆ, ಯಾರನ್ನ ನಂಬೋದು?" ಅಂದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮುಂದಿನ ಮೂರು ವಾರ ನಮಗೆ ನಿದ್ದೆ ಇರಲಿಲ್ಲ. ಆಮೇಲೆ ಪರಿಚಯದ ಎರಡು ಮೂರು ಕನ್ನಡದ ಮನೆಗಳವರು ಇದೇ ವಿಷಯ ಕೇಳಿ ಫೋನ್ ಮಾಡಿದರು. ಅವರಿಗೆ ತುಂಡು ತುಂಡಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೊದಲು ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಿ. ಕಾಲೇಜ್ ಪಂದ್ಯ ಅಂದರೆ 40 ನಿಮಿಷ. ಕೋರ್ಟಿನಲ್ಲಿ ಐದು ಜನ. ಒಟ್ಟು 200 ನಿಮಿಷ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಯಾವ ಕೋಚ್ ಕೈಯಲ್ಲೂ ಇಲ್ಲ. ಹೆಸರು, ದುಡ್ಡು, ಹೊಳೆಯುವ ಲಾಕರ್ ರೂಮು, ಏನೇ ತೋರಿಸಲಿ, ಆ 200ರಲ್ಲಿ ನಿಮ್ಮ ಪಾಲು ಎಷ್ಟು ಅನ್ನುವುದನ್ನು ಮೊದಲು ಕೇಳಿ. ಉಳಿದದ್ದು ಆಮೇಲೆ.

ನಿಯಮ ಈಗ ಹೇಗಿದೆ

ಹಳೆಯ ಕಾಲದಲ್ಲಿ, ಅಂದರೆ ತೀರಾ ಹಳೆಯದೇನಲ್ಲ, 2021ರ ತನಕ, ಒಂದನೇ ಡಿವಿಷನ್ನಿನ (ಕಾಲೇಜು ಆಟದ ಅತಿ ಮೇಲಿನ ದರ್ಜೆಯ) ಬ್ಯಾಸ್ಕೆಟ್‌ಬಾಲ್ ಆಟಗಾರ ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ಪೋರ್ಟಲ್ ಶುರು ಮಾಡಿತು. 2021ರಲ್ಲಿ ಒಂದು ಸಲ ಕೂರದೆ ಬದಲಾಯಿಸಬಹುದು ಅಂದಿತು. ಅದು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಿಂದ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಓದು ಸರಿ ಇದ್ದರೆ ತಕ್ಷಣ ಆಡಬಹುದು ಅಂತಾಯಿತು. ಈ ಕೊನೆಯ ಷರತ್ತನ್ನು ಬಹಳ ಜನ ಓದುವುದೇ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಪೋರ್ಟಲ್ ವರ್ಷವಿಡೀ ತೆರೆದಿರುವುದಿಲ್ಲ. 2025ರಲ್ಲಿ 30 ದಿನ ಇತ್ತು. 2026ರಿಂದ ರಾಷ್ಟ್ರೀಯ ಟೂರ್ನಿಯ ಫೈನಲ್ ಮುಗಿದ ಮಾರನೆಯ ದಿನದಿಂದ 15 ದಿನ ಮಾತ್ರ. ಕೋಚ್ ಬಿಟ್ಟುಹೋದರೆ ಆ ತಂಡದವರಿಗೆ ಬೇರೆ ಅವಧಿ ಸಿಗುತ್ತದೆ. ದಿನಾಂಕಗಳು ವರ್ಷ ವರ್ಷ ಬದಲಾಗುತ್ತಿವೆ, ಹಾಗಾಗಿ ನಿಮ್ಮ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಲ್ಲಿ (ಆಟದ ನಿಯಮ ಪಾಲನೆ ನೋಡಿಕೊಳ್ಳುವ ಕಚೇರಿ) ಈ ವರ್ಷದ ದಿನಾಂಕ ಕೇಳಿ ಬರೆದಿಟ್ಟುಕೊಳ್ಳಿ. 15 ದಿನ ಅಂದರೆ ಬೀಗರೂಟದ ಗಡಿಬಿಡಿ. ಮನೆಯಲ್ಲಿ ಕೂತು ಮಾಡುವ ಯೋಚನೆಯೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು.

ಹೆಜ್ಜೆ 1: ನಿಜವಾಗಿ ಹೊರಡಬೇಕಾ?

ಈಗ ಪ್ರತಿ ವಸಂತದಲ್ಲೂ ಪುರುಷರ ಒಂದನೇ ಡಿವಿಷನ್ನಿನಿಂದಲೇ 2,000ಕ್ಕೂ ಹೆಚ್ಚು ಹುಡುಗರು ಪೋರ್ಟಲ್‌ಗೆ ಹೆಸರು ಕೊಡುತ್ತಾರೆ. ತಂಡಗಳು 360ರ ಮೇಲಿವೆ, ನಿಜ. ಆದರೆ ಎಲ್ಲರಿಗೂ ಜಾಗ ಸಿಗುವುದಿಲ್ಲ. ಎರಡನೇ ಡಿವಿಷನ್ನಿಗೆ ಇಳಿದವರಿದ್ದಾರೆ, ಸ್ಕಾಲರ್‌ಶಿಪ್ ಕಳೆದುಕೊಂಡು ಕೈ ಹಿಚುಕಿಕೊಂಡವರೂ ಇದ್ದಾರೆ.

ಜ್ಯಾಕ್ ಈಡಿಯನ್ನು ನೆನಪಿಸಿಕೊಳ್ಳಿ. 2021–22ರಲ್ಲಿ ಪರ್ಡ್ಯೂ ತಂಡದಲ್ಲಿ ಅವನಿಗೆ ಸಿಗುತ್ತಿದ್ದದ್ದು ಪಂದ್ಯಕ್ಕೆ ಸುಮಾರು 19 ನಿಮಿಷ. ಟ್ರೆವಿಯನ್ ವಿಲಿಯಮ್ಸ್ ಜೊತೆ ಒಂದೇ ಜಾಗ ಹಂಚಿಕೊಳ್ಳಬೇಕಿತ್ತು. ಅವನು ಹೊರಟಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಉಳಿದ. ಮುಂದಿನ ವರ್ಷ ವಿಲಿಯಮ್ಸ್ ಇರಲಿಲ್ಲ, ಜಾಗ ಪೂರ್ತಿ ಇವನದಾಯಿತು. 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಕಾಲೇಜ್ ಆಟಗಾರ ಅನಿಸಿಕೊಂಡ. ಖಾಲಿಯಾಗುವ ಜಾಗ ಕೆಲವು ಸಲ ನಿಮ್ಮ ಮನೆಯಲ್ಲೇ ಇರುತ್ತದೆ.

ಅದಕ್ಕೇ ಮೊದಲ ಕೆಲಸ, ನಿಮ್ಮ ಈಗಿನ ಕೋಚ್ ಜೊತೆ ಬಾಗಿಲು ಹಾಕಿಕೊಂಡು ಮಾತಾಡುವುದು. ಮುಂದಿನ ವರ್ಷ ನಾನು ಎಲ್ಲಿ ನಿಲ್ಲುತ್ತೇನೆ, ಯಾರು ಹೋಗುತ್ತಿದ್ದಾರೆ, ಯಾರನ್ನು ತರುತ್ತಿದ್ದೀರಿ ಅಂತ ನೇರವಾಗಿ ಕೇಳಿ. ಉತ್ತರ ಕಹಿ ಇದ್ದರೂ ಉಪಯೋಗಕ್ಕೆ ಬರುತ್ತದೆ. ನಮ್ಮ ಹುಡುಗನಿಗೆ ಅವನ ಕೋಚ್ ಹೇಳಿದ್ದು: "ನಿನಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೊಡ್ತೀನಿ ಅಂತ ಮಾತು ಕೊಡೋಕೆ ಆಗಲ್ಲ." ಆ ಮನುಷ್ಯನ ಮೇಲೆ ನಮಗೆ ಇವತ್ತಿಗೂ ಗೌರವ ಇದೆ.

ಹೆಜ್ಜೆ 2: ಹೆಸರು ಕೊಡುವ ಮೊದಲು

ಪೋರ್ಟಲ್‌ಗೆ ಆಟಗಾರ ತಾನೇ ಹೋಗಿ ಹೆಸರು ಹಾಕಲು ಆಗುವುದಿಲ್ಲ. ಕಂಪ್ಲಯನ್ಸ್ ಆಫೀಸಿಗೆ ಬರಹದಲ್ಲಿ ಕೇಳಬೇಕು. ಎನ್‌ಸಿಎಎ ಸಿದ್ಧಪಡಿಸಿದ ಒಂದು ಸಣ್ಣ ಆನ್‌ಲೈನ್ ಪಾಠ ಮುಗಿಸಬೇಕು. ಆಮೇಲೆ ಎರಡು ಕೆಲಸದ ದಿನಗಳೊಳಗೆ ಅವರು ಹೆಸರು ಹಾಕಲೇಬೇಕು, ತಡೆಯುವ ಹಕ್ಕು ಅವರಿಗಿಲ್ಲ.

ಆದರೆ ಹೆಸರು ಬಿದ್ದ ಮೇಲೆ ಈಗಿನ ಕಾಲೇಜು ಆ ಟರ್ಮ್ ಮುಗಿದ ನಂತರ ನಿಮ್ಮ ಸ್ಕಾಲರ್‌ಶಿಪ್ ನಿಲ್ಲಿಸಬಹುದು. ಮನಸ್ಸು ಬದಲಾಯಿಸಿ ವಾಪಸ್ ಬರುತ್ತೇನೆ ಅಂದರೂ ಸೇರಿಸಿಕೊಳ್ಳಲೇಬೇಕು ಅಂತೇನಿಲ್ಲ. ಅಂದರೆ ಇದು ಸುಮ್ನೆ ಬೆಲೆ ವಿಚಾರಿಸಿ ಬರುವ ಅಂಗಡಿ ಅಲ್ಲ. ಹಿಂದಿನ ಬಾಗಿಲು ಮುಚ್ಚಬಹುದು ಅಂತ ಗೊತ್ತಿದ್ದೇ ಹೊರಡಬೇಕು.

ಹೆಸರು ಬೀಳುವ ಮೊದಲು ಬೇರೆ ಕಾಲೇಜಿನ ಕೋಚ್ ನಿಮ್ಮನ್ನು ಸಂಪರ್ಕಿಸುವಂತಿಲ್ಲ, ಅದು ನಿಯಮ. ಆದರೂ ಯಾರದೋ ಸ್ನೇಹಿತರ ಮೂಲಕ, ಹಳೆ ಕ್ಲಬ್ ಕೋಚ್ ಮೂಲಕ ಮಾತು ತೇಲಿ ಬರುತ್ತದೆ. ಅದನ್ನು ನಂಬಿ ರಾಜೀನಾಮೆ ಕೊಟ್ಟ ಹಾಗೆ ಹೊರಟು ಬಿಡಬೇಡಿ. ನಿಯಮ ಮುರಿದು ಮಾತಾಡುವವರು ನಾಳೆ ನಿಮಗೆ ಕೊಟ್ಟ ಮಾತನ್ನೂ ಮುರಿಯಬಹುದು ಅಲ್ವಾ?

ಹೆಸರು ಹಾಕುವಾಗ ಇನ್ನೊಂದು ಅನುಕೂಲ ಇದೆ. ಕಾಂಟ್ಯಾಕ್ಟ್ ಮಾಡಬೇಡಿ ಅನ್ನುವ ಗುರುತು ಹಾಕಿಸಿದರೆ ಕೋಚ್‌ಗಳು ತಾವಾಗಿ ಕರೆ ಮಾಡುವಂತಿಲ್ಲ, ನೀವೇ ಬೇಕಾದವರಿಗೆ ಕರೆ ಮಾಡಬೇಕು. ಮನಸ್ಸಿನಲ್ಲಿ ಆಗಲೇ ಮೂರ್ನಾಲ್ಕು ಕಾಲೇಜು ಇರುವವರಿಗೆ ಇದು ಒಳ್ಳೆಯದು. ನಮಗೆ ಗೊತ್ತಿರಲಿಲ್ಲ, ಇದ್ದಿದ್ದರೆ ಆ ಚಿತ್ರಾನ್ನ ಬಿಸಿಯಾಗೇ ತಿನ್ನಬಹುದಿತ್ತು.

ಹೆಜ್ಜೆ 3: ಹಾಳೆ ತಗೊಂಡು ನಿಮಿಷ ಎಣಿಸಿ

ಇದು ಇಡೀ ಕೆಲಸದ ತಿರುಳು. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆ.

ಪ್ರತಿ ಕಾಲೇಜಿನ ರೋಸ್ಟರ್ (ಆಟಗಾರರ ಪಟ್ಟಿ) ಅವರ ವೆಬ್‌ಸೈಟಿನಲ್ಲಿ ಇರುತ್ತದೆ, ಯಾರು ಎಷ್ಟು ನಿಮಿಷ ಆಡಿದರು ಅನ್ನುವುದೂ ಇರುತ್ತದೆ. ಒಂದು ಕಾಲೇಜಿಗೆ ಒಂದು ಹಾಳೆ ಮಾಡಿಕೊಳ್ಳಿ. ಎಲ್ಲ ಆಟಗಾರರ ಹೆಸರು, ಜಾಗ, ಯಾವ ವರ್ಷ, ಪಂದ್ಯಕ್ಕೆ ಎಷ್ಟು ನಿಮಿಷ. ಕಾಲೇಜಿನಲ್ಲಿ ಆಡುವ ಅವಧಿ ಮುಗಿಸಿದವರ ಹೆಸರನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿ. ಪೋರ್ಟಲ್‌ಗೆ ಹೋದವರನ್ನೂ, ಎನ್‌ಬಿಎ ಡ್ರಾಫ್ಟ್‌ಗೆ (ವೃತ್ತಿಪರ ಲೀಗಿನ ತಂಡಗಳು ಹೊಸಬರನ್ನು ಆರಿಸುವ ದಿನಕ್ಕೆ) ಹೆಸರು ಕೊಟ್ಟವರನ್ನೂ ಹೊಡೆಯಿರಿ. ಡ್ರಾಫ್ಟ್‌ನವರು ವಾಪಸ್ ಬರಬಹುದು, ಹಾಗಾಗಿ ಅವರ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಇರಲಿ. ಆಮೇಲೆ ಹೊಸದಾಗಿ ಬರುವ ಹೈಸ್ಕೂಲ್ ಹುಡುಗರು, ಆಗಲೇ ಒಪ್ಪಿಕೊಂಡ ಬೇರೆ ಟ್ರಾನ್ಸ್‌ಫರ್‌ಗಳು, ಎಲ್ಲರನ್ನೂ ಸೇರಿಸಿ. ಪೆನ್ಸಿಲ್ಲೇ ಬೇಕು, ಯಾಕೆಂದರೆ ಈ ಹಾಳೆ ದಿನಕ್ಕೆರಡು ಸಲ ಬದಲಾಗುತ್ತದೆ.

ನಮ್ಮ ಹುಡುಗ ಗಾರ್ಡ್, ಅಂದರೆ ಚೆಂಡು ಮುಂದೆ ತಂದು ಬುಟ್ಟಿಯಿಂದ ದೂರ ನಿಂತು ಆಡುವವನು. ಒಂದು ದೊಡ್ಡ ಹೆಸರಿನ ಕಾಲೇಜು ಅವನ ಹಿಂದೆ ಬಿದ್ದಿತ್ತು, ಅಕ್ಕ ಭಾವ ಇಬ್ಬರಿಗೂ ಅದೇ ಆಗಬೇಕು ಅಂತ ಆಸೆ. ಹಾಳೆ ಬರೆದು ನೋಡಿದೆವು. ಉಳಿದಿರುವ ಗಾರ್ಡ್‌ಗಳು ನಾಲ್ಕು ಜನ: 31, 28, 24, 17 ನಿಮಿಷ. ಕೂಡಿದರೆ 100. ಆ ಕೋಚ್ ಮೂರು ಗಾರ್ಡ್ ಇಟ್ಟು ಆಡಿಸುತ್ತಾರೆ, ಅಂದರೆ ಒಟ್ಟು 120. ಉಳಿದದ್ದು 20 ನಿಮಿಷ, ಅದಕ್ಕೂ ಒಬ್ಬ ಹೊಸ ಹುಡುಗ ಹೈಸ್ಕೂಲಿನಿಂದ ಬರುತ್ತಿದ್ದಾನೆ. ಫೋನಿನಲ್ಲಿ ಕೋಚ್ ಹೇಳಿದ್ದು "ಮೂವತ್ತು ನಿಮಿಷ". ಭಾವ ಹಾಳೆಯನ್ನು ಎರಡು ಸಲ ಕೂಡಿ ನೋಡಿದರು. ಆಮೇಲೆ ಆ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ನಿಮಿಷದ ಜೊತೆ ಕೆಲಸವನ್ನೂ ನೋಡಿ. ನೀವು ಯಾವ ಕೆಲಸಕ್ಕೆ ಹೆಸರು ಮಾಡಿದ್ದೀರೋ ಅದನ್ನೇ ಅಲ್ಲಿ ಕೊಡುತ್ತಾರಾ? ಹೇಲಿ ವ್ಯಾನ್ ಲಿತ್ ಉದಾಹರಣೆ ಕಣ್ಣ ಮುಂದಿದೆ. ಲೂಯಿವಿಲ್‌ನಲ್ಲಿ 2022–23ರಲ್ಲಿ ಪಂದ್ಯಕ್ಕೆ 19.7 ಅಂಕ ಹಾಕುತ್ತಿದ್ದವಳು, ಅದೇ ತಾನೇ ಚಾಂಪಿಯನ್ ಆಗಿದ್ದ ಎಲ್‌ಎಸ್‌ಯುಗೆ ಹೋದಳು. ಅಲ್ಲಿ ಅವಳಿಗೆ ಬಿದ್ದದ್ದು ಪಾಯಿಂಟ್ ಗಾರ್ಡ್ ಜವಾಬ್ದಾರಿ, ಅಂದರೆ ಬೇರೆಯವರಿಗೆ ಚೆಂಡು ಹಂಚಿ ಆಟ ನಡೆಸುವುದು. ಅಂಕ 11.6ಕ್ಕೆ ಇಳಿಯಿತು. ಜನ ಆಡಿಕೊಂಡರು. ಮುಂದಿನ ವರ್ಷ ಟಿಸಿಯುಗೆ ಹೋದಳು. ಆ ತಂಡ ಅಲ್ಲಿಯವರೆಗೆ ಒಂದು ಸಲವೂ ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಸುತ್ತು ಕಂಡಿರಲಿಲ್ಲ. ಇವಳು ಬಂದ ವರ್ಷ ಕಂಡಿತು, ಇವಳು ಬಿಗ್ 12 ಲೀಗಿನ ವರ್ಷದ ಆಟಗಾರ್ತಿಯೂ ಆದಳು. ಆಟಗಾರ್ತಿ ಅವಳೇ. ಬದಲಾದದ್ದು ತಂಡ, ಅಲ್ಲಿ ಅವಳಿಗೆ ಸಿಕ್ಕ ಕೆಲಸ.

ಇನ್ನೊಂದು ಕಡೆ ಡಾಲ್ಟನ್ ಕನೆಕ್ಟ್. ಕೊಲರಾಡೋದ ಜೂನಿಯರ್ ಕಾಲೇಜಿನಲ್ಲಿ ಎರಡು ವರ್ಷ, ನಾರ್ದರ್ನ್ ಕೊಲರಾಡೋದಲ್ಲಿ ಎರಡು ವರ್ಷ, ಆಮೇಲೆ 2023ರಲ್ಲಿ ಟೆನ್ನೆಸಿ. ಟೆನ್ನೆಸಿಯಲ್ಲಿ ರಕ್ಷಣೆ ಗಟ್ಟಿ ಇತ್ತು, ಅಂಕ ಹಾಕುವವರ ಕೊರತೆ ಇತ್ತು. ಇವನು ಅಂಕ ಹಾಕುವವನು. ಬೀಗಕ್ಕೆ ಸರಿಯಾದ ಕೀಲಿಕೈ ಸಿಕ್ಕ ಹಾಗಾಯಿತು. ಪಂದ್ಯಕ್ಕೆ 21.7 ಅಂಕ, ಎಸ್‌ಇಸಿ ಲೀಗಿನ ವರ್ಷದ ಆಟಗಾರ, 2024ರ ಡ್ರಾಫ್ಟ್‌ನಲ್ಲಿ 17ನೆಯವನಾಗಿ ಎನ್‌ಬಿಎ ತಂಡ ಲೇಕರ್ಸ್ ಪಾಲಾದ.

ಕೆನ್‌ಪಾಮ್, ಬಾರ್ಟ್ ಟಾರ್ವಿಕ್ ತರಹದ ಸೈಟುಗಳಲ್ಲಿ ತಂಡ ಎಷ್ಟು ವೇಗವಾಗಿ ಆಡುತ್ತದೆ, ಮೂರು ಅಂಕದ ಹೊಡೆತ ಎಷ್ಟು ಹೊಡೆಯುತ್ತದೆ ಅನ್ನುವುದು ಸಿಗುತ್ತದೆ. ಓಡಿ ಆಡುವವರು ನಿಧಾನವಾಗಿ ಆಡುವ ತಂಡಕ್ಕೆ ಹೋದರೆ ಉಸಿರುಕಟ್ಟುತ್ತದೆ. ಸಂಖ್ಯೆ ನೋಡಿದ ಮೇಲೆ ಆ ತಂಡದ ಐದು ಪಂದ್ಯ ಪೂರ್ತಿ ನೋಡಿ. ಹೈಲೈಟ್ ಅಲ್ಲ, ಪೂರ್ತಿ. ಅದರಲ್ಲಿ ಎರಡು ಸೋತ ಪಂದ್ಯ ಇರಲಿ. ತಪ್ಪು ಮಾಡಿದ ಹುಡುಗನನ್ನು ಕೋಚ್ ತಕ್ಷಣ ಎಳೆದು ಕೂರಿಸುತ್ತಾರಾ, ಇನ್ನೊಂದು ಅವಕಾಶ ಕೊಡುತ್ತಾರಾ ಅಂತ ಗಮನಿಸಿ.

ಹೆಜ್ಜೆ 4: ಕೋಚ್‌ಗೆ ಕೇಳಬೇಕಾದ್ದು

ಹಾಳೆ ಕೈಯಲ್ಲಿಟ್ಟುಕೊಂಡೇ ಮಾತಾಡಿ. "ನನಗೆ ಎಷ್ಟು ನಿಮಿಷ?" ಅಂತ ಕೇಳಿದರೆ ಸಿಹಿ ಉತ್ತರ ಬರುತ್ತದೆ. ಅದರ ಬದಲು "ನನ್ನ ಜಾಗಕ್ಕೆ ಇನ್ನೆಷ್ಟು ಜನರ ಹತ್ತಿರ ಮಾತಾಡ್ತಿದ್ದೀರಿ? ಅವರು ಒಪ್ಪಿದರೆ ನಾನು ಎಲ್ಲಿ?" ಅಂತ ಕೇಳಿ. ಕಳೆದ ಎರಡು ವರ್ಷದಲ್ಲಿ ತಂದ ಟ್ರಾನ್ಸ್‌ಫರ್‌ಗಳ ಹೆಸರು ನೀವೇ ಹೇಳಿ, ಅವರಿಗೆ ಏನು ಮಾತು ಕೊಟ್ಟಿದ್ದಿರಿ, ಏನಾಯಿತು ಅಂತ ಕೇಳಿ. ಅವರಲ್ಲಿ ಒಬ್ಬಿಬ್ಬರನ್ನು ಹುಡುಕಿ ಮಾತಾಡಿಸಿ, ಅದರಲ್ಲೂ ಬಿಟ್ಟುಹೋದವರನ್ನು.

ಕೋಚ್ ತಾನೇ ಉಳಿಯುತ್ತಾರಾ ಅನ್ನುವುದು ದೊಡ್ಡ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಜಾನ್ ಕ್ಯಾಲಿಪರಿ ಕೆಂಟಕಿ ಬಿಟ್ಟು ಅರ್ಕಾನ್ಸಾಗೆ ಹೋದರು. ಹೊಸ ಕೋಚ್ ಮಾರ್ಕ್ ಪೋಪ್ ಬಂದು ನೋಡಿದರೆ ಹಳೆಯ ಸ್ಕಾಲರ್‌ಶಿಪ್ ಆಟಗಾರ ಒಬ್ಬನೂ ಉಳಿಯಲಿಲ್ಲ, ಇಡೀ ತಂಡ ಹೊಸದಾಗಿ ಕಟ್ಟಬೇಕಾಯಿತು. ಹಾಗಾಗಿ ನಿಮ್ಮನ್ನು ಇಷ್ಟಪಟ್ಟದ್ದು ಒಬ್ಬ ಕೋಚ್ ಮಾತ್ರವಾ, ಕಾಲೇಜೇನಾ ಅಂತ ಯೋಚಿಸಿ. ಈ ಕೋಚ್ ನಾಳೆ ಹೋದರೂ ನಾನು ಇಲ್ಲಿ ಓದು ಮುಗಿಸುತ್ತೇನಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ವಾಲ್ಟರ್ ಕ್ಲೇಟನ್ ಅಯೋನಾದಲ್ಲಿ ರಿಕ್ ಪಿಟಿನೋ ಕೈಕೆಳಗೆ ಆಡುತ್ತಿದ್ದ. 2023ರಲ್ಲಿ ಪಿಟಿನೋ ಸೇಂಟ್ ಜಾನ್ಸ್‌ಗೆ ಹೋದರು. ಕ್ಲೇಟನ್ ಅವರ ಹಿಂದೆ ಹೋಗದೆ ತನ್ನ ಊರಿನ ರಾಜ್ಯವಾದ ಫ್ಲಾರಿಡಾಗೆ ಬಂದ. ಅದೇ ತಂಡಕ್ಕೆ ಬೆಲ್ಮಾಂಟ್‌ನಿಂದ ವಿಲ್ ರಿಚರ್ಡ್, ಫ್ಲಾರಿಡಾ ಅಟ್ಲಾಂಟಿಕ್‌ನಿಂದ ಅಲೈಜಾ ಮಾರ್ಟಿನ್ ಬಂದಿದ್ದರು. ಮೂವರೂ ಸಣ್ಣ ಕಾನ್ಫರೆನ್ಸ್‌ಗಳಲ್ಲಿ (ಕಾಲೇಜುಗಳ ಲೀಗ್) ಆಡಿ ಪಳಗಿದವರು. 2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೋದಲ್ಲಿ ಹ್ಯೂಸ್ಟನ್ ವಿರುದ್ಧ 65–63ರಲ್ಲಿ ಫೈನಲ್ ಗೆದ್ದರು. ನಾವು ಆ ಪಂದ್ಯ ನೋಡುವಾಗ ನಮ್ಮ ಹುಡುಗನ ಹೆಸರು ಇನ್ನೂ ಪೋರ್ಟಲ್‌ನಲ್ಲೇ ಇತ್ತು. ಕೊನೆಯ ಕ್ಷಣದಲ್ಲಿ ಕ್ಲೇಟನ್ ಹಾರಿ ಬಂದು ಎದುರಾಳಿಯ ಶಾಟ್ ಹೊಡೆಯಲು ಬಿಡದೆ ನಿಂತಾಗ ಹುಡುಗ ಸೋಫಾದಿಂದ ಎದ್ದು ನಿಂತಿದ್ದ, ಕೂರಲೇ ಇಲ್ಲ.

ಹೆಜ್ಜೆ 5: ಕ್ರೆಡಿಟ್ ಲೆಕ್ಕ

ಓದು ಸರಿ ಇದ್ದರೆ ತಕ್ಷಣ ಆಡಬಹುದು ಅನ್ನುವ ಷರತ್ತು ಅಂದೆನಲ್ಲ, ಅದು ಇದು. ಮೂರನೇ ವರ್ಷ ಶುರುವಾಗುವ ಹೊತ್ತಿಗೆ ಡಿಗ್ರಿಯ ಶೇ 40, ನಾಲ್ಕನೇ ವರ್ಷಕ್ಕೆ ಶೇ 60, ಐದನೇ ವರ್ಷಕ್ಕೆ ಶೇ 80 ಮುಗಿದಿರಬೇಕು. ಪಾಸಾದ ಕೋರ್ಸ್‌ಗಳಿಗೆ ಕ್ರೆಡಿಟ್ ಸಿಗುತ್ತವೆ; 120 ಕ್ರೆಡಿಟ್‌ನ ಡಿಗ್ರಿ ಆದರೆ 48, 72, 96. ಮುಖ್ಯ ವಿಷಯ ಏನೆಂದರೆ, ಈ ಲೆಕ್ಕ ಹಾಕುವುದು ಹೊಸ ಕಾಲೇಜು, ಅವರ ಡಿಗ್ರಿಗೆ ಒಪ್ಪುವ ಕ್ರೆಡಿಟ್ ಮಾತ್ರ ಇಟ್ಟುಕೊಂಡು.

ನಮ್ಮ ಹುಡುಗ ಎರಡು ವರ್ಷದಲ್ಲಿ 63 ಕ್ರೆಡಿಟ್ ಮಾಡಿದ್ದ. ನಾವು ನಿಶ್ಚಿಂತೆಯಿಂದ ಇದ್ದೆವು. ಇಷ್ಟವಾದ ಒಂದು ಕಾಲೇಜಿನವರು ಅವನ ಟ್ರಾನ್ಸ್‌ಕ್ರಿಪ್ಟ್ ನೋಡಿ, ಬಿಸಿನೆಸ್ ಡಿಗ್ರಿಗೆ 44 ಮಾತ್ರ ಬರುತ್ತದೆ ಅಂದರು. ನಾಲ್ಕು ಕಡಿಮೆ! ಅಸಿಸ್ಟೆಂಟ್ ಕೋಚ್ ಮಾತ್ರ "ಅದೆಲ್ಲ ನಾವು ನೋಡ್ಕೋತೀವಿ" ಅಂತಲೇ ಇದ್ದರು. ನೋಡಿಕೊಳ್ಳುವುದು ಅಂದರೆ ಬೇಸಿಗೆಯಲ್ಲಿ ಎರಡು ಕೋರ್ಸ್ ಮಾಡಿ ಪಾಸಾಗಬೇಕು, ಇಲ್ಲದಿದ್ದರೆ ನವೆಂಬರ್‌ನಲ್ಲಿ ಬೆಂಚಿನ ಮೇಲೆ ಮಾಮೂಲಿ ಬಟ್ಟೆಯಲ್ಲಿ ಕೂರಬೇಕು. ಇನ್ನೊಂದು ಕಾಲೇಜಿನಲ್ಲಿ ಅದೇ 63ರಲ್ಲಿ 57 ಒಪ್ಪಿದರು.

ಹಾಗಾಗಿ ಹೌದು ಅನ್ನುವ ಮೊದಲೇ ಕ್ರೆಡಿಟ್‌ಗಳ ಲೆಕ್ಕವನ್ನು ಬರಹದಲ್ಲಿ ತರಿಸಿಕೊಳ್ಳಿ. ಕೋಚ್ ಬಾಯಿಮಾತು ಬೇಡ, ಅಡ್ಮಿಷನ್ ಅಥವಾ ಅಕಡೆಮಿಕ್ ಅಡ್ವೈಸರ್ ಕಡೆಯಿಂದ ಇಮೇಲ್ ಬರಲಿ. ನಿಮಗೆ ಬೇಕಾದ ಮೇಜರ್‌ಗೇ (ಡಿಗ್ರಿಯ ಮುಖ್ಯ ವಿಷಯಕ್ಕೇ) ಲೆಕ್ಕ ಹಾಕಿಸಿ. ಆಟಕ್ಕೆ ಅನುಕೂಲ ಅಂತ ಯಾವುದೋ ಸುಲಭದ ಮೇಜರ್‌ಗೆ ತಳ್ಳುವುದು ಉಂಟು. ಎಂಜಿನಿಯರಿಂಗ್, ನರ್ಸಿಂಗ್, ಪ್ರೀಮೆಡ್ ಓದುವವರಿಗೆ ಲ್ಯಾಬ್ ಸಮಯವೂ ಪ್ರ್ಯಾಕ್ಟೀಸ್ ಸಮಯವೂ ಒಂದೇ ಹೊತ್ತಿಗೆ ಬೀಳುತ್ತದಾ ಅಂತ ಹಿಂದಿನ ವರ್ಷದ ಟೈಮ್‌ಟೇಬಲ್ ತರಿಸಿ ನೋಡಿ.

ಪ್ರಯಾಣವೂ ಓದಿನ ಲೆಕ್ಕಕ್ಕೇ ಸೇರುತ್ತದೆ. 2024ರಿಂದ ಯುಸಿಎಲ್‌ಎ, ಯುಎಸ್‌ಸಿ ಬಿಗ್ ಟೆನ್ ಲೀಗಿನಲ್ಲಿವೆ, ಅಂದರೆ ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿ, ಮೇರಿಲ್ಯಾಂಡ್ ತನಕ ಲೀಗ್ ಪಂದ್ಯಕ್ಕೆ ಹಾರಬೇಕು. ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಪೂರ್ವ ಕರಾವಳಿ ಕಡೆಯ ಎಸಿಸಿ ಲೀಗಿನಲ್ಲಿವೆ. ಕಳೆದ ವರ್ಷದ ವೇಳಾಪಟ್ಟಿ ಇಟ್ಟುಕೊಂಡು ಎಷ್ಟು ತರಗತಿ ತಪ್ಪುತ್ತದೆ ಅಂತ ಎಣಿಸಿ.

ಹೆಜ್ಜೆ 6: ದುಡ್ಡಿನ ಮಾತು

ದುಡ್ಡಿನ ಬಗ್ಗೆ ಮಾತಾಡಲು ನಮ್ಮ ಮನೆಗಳಲ್ಲಿ ಸಂಕೋಚ. ಬೇಡ, ಬಾಯಿ ಬಿಟ್ಟು ಕೇಳಿ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿಕೊಂಡು ದುಡಿಯಬಹುದು, ಇದನ್ನು ಎನ್‌ಐಎಲ್ ಅನ್ನುತ್ತಾರೆ. 2025ರ ಜುಲೈ 1ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಎಲ್ಲ ಕ್ರೀಡೆಗೂ ಸೇರಿ ಮಿತಿ ಸುಮಾರು 20.5 ಮಿಲಿಯನ್ ಡಾಲರ್. ಅದರಲ್ಲಿ ಫುಟ್‌ಬಾಲ್ ಇರುವ ಕಡೆ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಎಲ್ಲ ಕಾಲೇಜೂ ಇದಕ್ಕೆ ಸೇರಿಲ್ಲ. ಐವಿ ಲೀಗ್‌ನವರು ಸೇರಿಲ್ಲ, ಅವರಲ್ಲಿ ಆಟದ ಸ್ಕಾಲರ್‌ಶಿಪ್ಪೇ ಇಲ್ಲ.

ಕಾಗದ ಬಂದಾಗ ನೋಡಬೇಕಾದ್ದು: ಈ ಹಣ ಕೊಡುವವರು ಯಾರು, ಕಾಲೇಜಾ, ಹೊರಗಿನ ಕಂಪನಿಯಾ? ಹೊರಗಿನವರದ್ದು 600 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಆದರೆ ಎನ್‌ಐಎಲ್ ಗೋ ಅನ್ನುವ ಪರಿಶೀಲನೆ ವ್ಯವಸ್ಥೆಗೆ ತಿಳಿಸಬೇಕು, ಅಲ್ಲಿ ಒಪ್ಪಿಗೆ ಸಿಗದೆಯೂ ಹೋಗಬಹುದು. ಗಾಯವಾದರೆ ಹಣ ನಿಲ್ಲುತ್ತದಾ? ಒಂದೇ ವರ್ಷದ್ದಾ? ಮಧ್ಯದಲ್ಲಿ ಬಿಟ್ಟುಹೋದರೆ ನೀವೇ ಕಟ್ಟಬೇಕಾದ ಬೈಔಟ್ ಇದೆಯಾ? ಈ ಕೊನೆಯದು ಈಗ ಬಹಳ ಒಪ್ಪಂದಗಳಲ್ಲಿ ಇರುತ್ತದೆ. ಒಬ್ಬ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

ಈ ಹಣದ ಮೇಲೆ ಸಾಮಾನ್ಯವಾಗಿ ಯಾರೂ ತೆರಿಗೆ ಹಿಡಿದು ಕೊಡುವುದಿಲ್ಲ. ಆದಾಯ ತೆರಿಗೆ ಜೊತೆಗೆ ಸ್ವಂತ ಉದ್ಯೋಗದ ತೆರಿಗೆ ಶೇ 15.3 ಬೇರೆ. ಟೆಕ್ಸಾಸ್, ಫ್ಲಾರಿಡಾ, ಟೆನ್ನೆಸಿಯಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ. ಹಾಗಾಗಿ ಎರಡು ಆಫರ್ ಹೋಲಿಸುವಾಗ ಕೈಗೆ ಬರುವುದೆಷ್ಟು ಅಂತ ನೋಡಿ. ಮೂರನೇ ಒಂದು ಭಾಗವನ್ನು ಬಂದ ದಿನವೇ ಬೇರೆ ಖಾತೆಗೆ ಹಾಕುವುದು ನಾವು ಮಾಡಿಕೊಂಡ ನಿಯಮ. ಏಜೆಂಟ್ ಇಟ್ಟುಕೊಂಡರೆ ಕಮಿಷನ್ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಎರಡು ಕಾಲೇಜಿನ ನಡುವೆ ನಿಮಿಷ ಸಮ, ಕ್ರೆಡಿಟ್ ಸಮ ಇದ್ದಾಗ ದುಡ್ಡು ತೀರ್ಮಾನ ಮಾಡಲಿ. ಆಡದೆ ಕೂತ ವರ್ಷದ ನಂತರ ಮುಂದಿನ ಆಫರ್ ಚಿಕ್ಕದಾಗುತ್ತದೆ. ಮನೆ ಕಷ್ಟದಲ್ಲಿದ್ದು ಆ ಹಣ ಈಗಲೇ ಬೇಕು ಅನ್ನುವವರ ಮಾತು ಬೇರೆ, ಅದರಲ್ಲಿ ತಪ್ಪೇನೂ ಇಲ್ಲ.

ಹೆಜ್ಜೆ 7: ಹೋಗಿ ನೋಡಿ

ಕಾಲೇಜಿನ ಖರ್ಚಿನಲ್ಲಿ ಕರೆಸಿಕೊಳ್ಳುವುದಕ್ಕೆ ಅಫಿಷಿಯಲ್ ವಿಸಿಟ್ ಅನ್ನುತ್ತಾರೆ. ಹೆಣ್ಣು ನೋಡಲು ಹೋದ ಹಾಗೆ ಅಂತಿಟ್ಟುಕೊಳ್ಳಿ. ಉಪ್ಪಿಟ್ಟು ಕೇಸರಿಬಾತ್ ಕೊಡುವ ದಿನ ಎಲ್ಲರ ಮನೆಯೂ ಗುಡಿಸಿ ಒರೆಸಿ ಚೊಕ್ಕಟವಾಗಿರುತ್ತದೆ. ನಿಮ್ಮ ಹೆಸರಿನ ಜರ್ಸಿ ಹಾಕಿಸಿ ಫೋಟೋ ತೆಗೆಯುತ್ತಾರೆ, ದೊಡ್ಡ ಪರದೆಯಲ್ಲಿ ನಿಮ್ಮ ಮುಖ ಬರುತ್ತದೆ. ಖುಷಿಪಡಿ. ಆದರೆ ನೋಡಬೇಕಾದ್ದು ಬೇರೆ ಇದೆ.

ಆಟಗಾರರ ಜೊತೆ ಕೋಚ್ ಇಲ್ಲದ ಹೊತ್ತು ಕೇಳಿ ಪಡೆಯಿರಿ. ನಮ್ಮ ಹುಡುಗ ಕೊನೆಗೆ ಆರಿಸಿಕೊಂಡ ಕಾಲೇಜಿನಲ್ಲಿ, ರಾತ್ರಿ ಆಟಗಾರರ ಅಪಾರ್ಟ್‌ಮೆಂಟಿನಲ್ಲಿ ನೆಲದ ಮೇಲೆ ಕೂತು ವಿಡಿಯೋ ಗೇಮ್ ಆಡುತ್ತಾ, ಬೆಂಚಿನ ಕೊನೆಯ ಹುಡುಗನನ್ನು ಕೇಳಿದನಂತೆ: "ನಿನಗೆ ಆಡೋಕೇ ಸಿಗಲ್ಲ, ಯಾಕೆ ಇದ್ದೀಯ?" ಆ ಹುಡುಗ ಗೇಮ್ ನಿಲ್ಲಿಸಿ, ಕಾಲು ನೋವಾಗಿ ಆರು ವಾರ ಮಲಗಿದ್ದಾಗ ಹೆಡ್ ಕೋಚ್ ದಿನಾ ಬೆಳಗ್ಗೆ ಬಂದು ಹತ್ತು ನಿಮಿಷ ಕೂತು ಹೋಗುತ್ತಿದ್ದರು ಅಂತ ಹೇಳಿದ. ಸ್ಟಾರ್ ಆಟಗಾರನನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕೊನೆಯವನನ್ನು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದರಲ್ಲಿ ಮನೆಯ ಗುಣ ಗೊತ್ತಾಗುತ್ತದೆ.

ಅಥ್ಲೆಟಿಕ್ ಟ್ರೇನರ್ ಅಂದರೆ ಗಾಯ ನೋಡುವವರನ್ನು ಭೇಟಿಯಾಗಿ. ಆಡಲು ತಯಾರು ಅಂತ ತೀರ್ಮಾನ ಮಾಡುವವರು ಅವರಾ, ಕೋಚಾ ಅಂತ ಕೇಳಿ. ಅಪ್ಪ ಅಮ್ಮ ಜೊತೆಗೆ ಹೋದರೆ ಊರಿನಲ್ಲಿ ಸ್ವಲ್ಪ ನಡೆದಾಡಿ. ಸಸ್ಯಾಹಾರಿ ಮಕ್ಕಳಾದರೆ ಕ್ಯಾಂಟೀನಿನಲ್ಲಿ ಏನು ಸಿಗುತ್ತದೆ, ಪಂದ್ಯದ ಪ್ರಯಾಣದಲ್ಲಿ ಏನು ಕೊಡುತ್ತಾರೆ ಅಂತ ವಿಚಾರಿಸಿ, ಇದು ಸಣ್ಣ ವಿಷಯ ಅಲ್ಲ. ಐದು ತಿಂಗಳು ಬರೀ ಚೀಸ್ ಪಿಜ್ಜಾ ತಿಂದು ಯಾರೂ ಚೆನ್ನಾಗಿ ಓಡಲಾರರು.

ವೀಸಾದಲ್ಲಿ ಇರುವವರಿಗೆ

ಊರಿಂದ ಬಂದು ಆಡುವ ಮಕ್ಕಳು ಕಡಿಮೆ, ಆದರೂ ಇದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ತಂಡದಲ್ಲಿ ಆಡಿದವರು. ಇಲ್ಲೇ ಬೆಳೆದು ಎಚ್-4ರಲ್ಲಿ (ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ) ಇರುವ ಮಕ್ಕಳೂ 21 ತುಂಬಿದಾಗ ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗುತ್ತದೆ.

ಎಫ್-1 ಇದ್ದರೆ ಹಳೆಯ ಕಾಲೇಜಿನಿಂದ ಹೊಸದಕ್ಕೆ ಸೆವಿಸ್ ದಾಖಲೆ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ವರ್ಗವಾಗಬೇಕು, ಹೊಸ ಐ-20 (ವೀಸಾಗೆ ಕಾಲೇಜು ಕೊಡುವ ಪತ್ರ) ಬರಬೇಕು. ಬಿಡುಗಡೆ ದಿನಾಂಕ ನಿಗದಿಯಾದ ಮೇಲೆ ಆ ದಿನ ದಾಟಿದರೆ ಹಳೆಯ ಕಾಲೇಜು ಅದನ್ನು ಮುಟ್ಟಲು ಆಗುವುದಿಲ್ಲ. ಹಾಗಾಗಿ ಪೂರ್ತಿ ತೀರ್ಮಾನ ಆಗುವ ತನಕ ಆ ದಿನಾಂಕ ಹಾಕಿಸಬೇಡಿ. ಬೇಸಿಗೆಗೆ ಊರಿಗೆ ಹೋಗುವವರು ಹೊಸ ಐ-20 ಕೈಯಲ್ಲಿ ಇಲ್ಲದೆ ವಿಮಾನ ಹತ್ತಬೇಡಿ.

ದುಡ್ಡಿನಲ್ಲಿ ಇನ್ನೂ ಎಚ್ಚರ. ಎಫ್-1ರವರು ಅನುಮತಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಜಾಹೀರಾತಿಗೆ ನಿಂತರೆ ಅದು ಕೆಲಸ ಅಂತಾಗಬಹುದು, ವೀಸಾಗೇ ಕುತ್ತು. ಕಾಂಗೋ ದೇಶದ ಆಸ್ಕರ್ ಶೀಬ್ವೆ, ವೆಸ್ಟ್ ವರ್ಜೀನಿಯಾದಿಂದ ಕೆಂಟಕಿಗೆ ಬದಲಾಗಿ 2022ರ ದೇಶದ ಅತ್ಯುತ್ತಮ ಆಟಗಾರ ಆದವನು, ಆ ವರ್ಷ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲಿ ತನ್ನ ಎನ್‌ಐಎಲ್ ಕೆಲಸಗಳನ್ನು ಮಾಡಿ ಮುಗಿಸಿಕೊಂಡ. ನೀವು ಕೋಚ್ ಮಾತಲ್ಲ, ವಲಸೆ ಕಾನೂನಿನ ವಕೀಲರ ಮಾತು ಕೇಳಿ.

ಹೆಜ್ಜೆ 8: ಒಪ್ಪುವುದು, ಬೇಡ ಅನ್ನುವುದು

ಬಾಯಿಮಾತಿನ ಒಪ್ಪಿಗೆಗೆ ಬೆಲೆ ಕಡಿಮೆ. ಒಂದು ಕಾಲೇಜು ನಮ್ಮ ಹುಡುಗನಿಗೆ ಜಾಗ ಇಟ್ಟಿದ್ದೇವೆ, ಆರಾಮಾಗಿ ಯೋಚಿಸು ಅಂದಿತ್ತು. ಐದನೇ ದಿನ ಅದೇ ಜಾಗಕ್ಕೆ ಇನ್ನೊಬ್ಬ ಗಾರ್ಡ್ ಬಂದ ಸುದ್ದಿ ನಮಗೆ ಸಿಕ್ಕಿದ್ದು ಇನ್‌ಸ್ಟಾಗ್ರಾಂನಿಂದ. ಮೊದಲಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅನ್ನುವ ಸೇರ್ಪಡೆ ಪತ್ರ 2024ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಈಗ ಸ್ಕಾಲರ್‌ಶಿಪ್ ನೆರವಿನ ಒಪ್ಪಂದವೇ ಗಟ್ಟಿ ಕಾಗದ. ಎರಡೂ ಕಡೆ ಸಹಿ ಬೀಳುವ ತನಕ ನಿಮ್ಮ ಎರಡನೇ ಆಯ್ಕೆಯ ಕೋಚ್ ಜೊತೆ ಮಾತು ಬಿಡಬೇಡಿ.

ಕೊನೆಯ ರಾತ್ರಿ ಎರಡು ಹಾಳೆ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟೆವು. ಒಂದರಲ್ಲಿ ದುಡ್ಡು ಜಾಸ್ತಿ, 44 ಕ್ರೆಡಿಟ್, ಗಾರ್ಡ್‌ಗಳಿಗೆ ಉಳಿದದ್ದು 35 ನಿಮಿಷ. ಇನ್ನೊಂದರಲ್ಲಿ ದುಡ್ಡು ಕಡಿಮೆ, 57 ಕ್ರೆಡಿಟ್, ಮೂವರು ಗಾರ್ಡ್‌ಗಳು ಓದು ಮುಗಿಸಿ ಹೋಗಿದ್ದು 70 ನಿಮಿಷ ಖಾಲಿ. ನಾವು ಯಾರೂ ಮಾತಾಡಲಿಲ್ಲ. ಹುಡುಗ ಎರಡನೇ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಮಾರನೆಯ ದಿನ ಅವನು ಉಳಿದ ಆರು ಕೋಚ್‌ಗಳಿಗೆ ಒಬ್ಬೊಬ್ಬರಿಗೇ ಕರೆ ಮಾಡಿ, ನಿಮ್ಮಲ್ಲಿಗೆ ಬರುತ್ತಿಲ್ಲ, ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದ. ನೀವೂ ಮೆಸೇಜ್ ಹಾಕದೆ ಕರೆ ಮಾಡಿ. ಇಬ್ಬರು ಬೇಜಾರಾದರು, ಒಬ್ಬರು ಫೋನ್ ಇಟ್ಟೇಬಿಟ್ಟರು, ಮೂವರು ಒಳ್ಳೆಯದಾಗಲಿ ಅಂದರು. ಏಳನೇ ಕರೆ ಹಳೆಯ ಕೋಚ್‌ಗೆ. ಅದು ಇಪ್ಪತ್ತು ನಿಮಿಷ ನಡೆಯಿತು, ಬಾಗಿಲು ಹಾಕಿಕೊಂಡಿದ್ದ, ಏನು ಮಾತಾಡಿದ ಅಂತ ನಾವು ಕೇಳಲಿಲ್ಲ.